ಮಿರ್ಚಿ ಆರುವ ತನಕ

ಬಿತ್ತನೆ ಬೀಜದ ಕಂಪನಿಯವರು ಹಾಕಿದ ಸ್ಕೀಮು ಅದು:
ಸಾವಿರ ಚೀಲ ಮಾರಿದವರಿಗೆ ಬ್ಯಾಂಕಾಕು,
ಎರಡು ಸಾವಿರಕ್ಕೆ ದುಬೈ.
ನಾನು ಹಟಕ್ಕೆ ಬಿದ್ದು ಮೂರೂವರೆ ಸಾವಿರ ದಾಟಿಸಿ
ಎಲ್ಲರಿಗಿಂತ ದೂರದ ಊರಿಗೆ ಗುರಿಯಾದೆ.
ಬೊಲಿವಿಯಾದ ಲಾ ಪಾಜ್ ಅಂದಾಗ
ಸರ್ವಮಂಗಳ ಕೇಳಿದ್ದು ಒಂದೇ ಮಾತು:
"ಅಷ್ಟು ದೂರ ಕಳಿಸ್ತಾರಂದ್ರೆ, ಏನು ತಪ್ಪು ಮಾಡಿದ್ರಿ?"

ದಾದಾಪೀರನ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ
ಈ ಮಿರ್ಚಿ ಆರುವ ತನಕ ಹೇಳುತ್ತೇನೆ, ಕೇಳಿ.

ವಿಮಾನ ನಿಲ್ದಾಣ ಊರಿಗಿಂತ ಮೇಲಿದೆ ಅಲ್ಲಿ.
ಇಳಿದ ಮೇಲೂ ಇಳಿಯುತ್ತಲೇ ಇರಬೇಕು.
ಊರೆಂದರೆ ಒಂದು ಬಾಣಲೆ:
ಬಡವರು ಅಂಚಿನಲ್ಲಿ, ಸಿರಿವಂತರು ತಳದಲ್ಲಿ,
ಉಸಿರು ಹೆಚ್ಚು ಸಿಗುವ ಕಡೆ ಸೈಟಿಗೆ ರೇಟು ಹೆಚ್ಚು.
ಇದನ್ನು ಕೇಳಿದ ನಮ್ಮ ಬ್ರೋಕರ್ ಕರಿಬಸಣ್ಣ
ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.
"ಗಾಳೀನೂ ಚದರಡಿ ಲೆಕ್ಕದಾಗೆ ಮಾರಬಹುದಿತ್ತಲ್ಲೋ!"

ದುರ್ಗದ ಕೋಟೆಯನ್ನು ಒಂದೇ ಉಸಿರಿಗೆ ಹತ್ತಿದವನು ನಾನು,
ಮದುವೆಯಾದ ವರ್ಷ, ಹೆಂಡತಿ ನೋಡಲಿ ಅಂತ.
ಲಾ ಪಾಜ್‌ನಲ್ಲಿ ಶೂ ಲೇಸು ಕಟ್ಟಲು ಬಗ್ಗಿದೆ,
ಎಬ್ಬಿಸಲು ಇಬ್ಬರು ಬೇಕಾದರು.
ಹೋಟೆಲಿನ ಹುಡುಗಿ ಬಿಸಿನೀರಿಗೆ ಯಾವುದೋ ಹಸಿರೆಲೆ ಹಾಕಿ ಕೊಟ್ಟು
ಬೆನ್ನು ತಟ್ಟಿದಳು: "ಪೊಕೊ ಅ ಪೊಕೊ."
ಮೆಲ್ಲಗೆ, ಮೆಲ್ಲಮೆಲ್ಲಗೆ, ಅಂತ ಅರ್ಥವಂತೆ.

ಮರುದಿನ ಚೌಕದಲ್ಲಿ ಒಂದು ಝೀಬ್ರಾ
ಎರಡು ಕಾಲಿನ ಮೇಲೆ ನಿಂತು ಕುಣಿಯುತ್ತಿತ್ತು.
ಗಾಳಿ ಕಮ್ಮಿಯಾಗಿ ತಲೆಗೆ ಹೊಡೆಯಿತು ಅಂದುಕೊಂಡೆ.
ಅದು ಬಂದು ಕೈಹಿಡಿದು ರಸ್ತೆ ದಾಟಿಸಿತು,
ಒಳಗಿದ್ದ ಕಾಲೇಜು ಹುಡುಗ ನಮಸ್ಕಾರ ಮಾಡಿದ.
ಗಾಂಧಿ ಸರ್ಕಲ್‌ನಲ್ಲೂ ಹೀಗೆ ಮಾಡಿದರೆ? ಅಂದೆ.
ಹಾಲೇಶಿ ಈರುಳ್ಳಿ ಅಗಿಯುತ್ತಾ ಹೇಳಿದ:
"ನಮ್ಮ ಎಮ್ಮೆಗಳು ಪುಕ್ಕಟೆ ಮಾಡ್ತಾವಲ್ಲೋ,
ಅದೂ ವೇಷ ಇಲ್ಲದೆ."

ಹೆಂಗಸರ ತಲೆಯ ಮೇಲೆ ಸಾಹೇಬರ ಗುಂಡು ಟೋಪಿ,
ಪಿನ್ನಿಲ್ಲ, ದಾರವಿಲ್ಲ, ಗಾಳಿಗೂ ಅಲುಗದು.
ನಗು ತಡೆದುಕೊಂಡೆ.
ಅವರು ತಡೆದುಕೊಳ್ಳಲಿಲ್ಲ,
ನನ್ನ ತಲೆಯ ಮೇಲಿದ್ದದ್ದು ಮಂಕಿ ಕ್ಯಾಪು.

ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೆಟೊ
ಎಲ್ಲಾ ಹುಟ್ಟಿದ್ದು ಆ ಕಡೆಯೇ ಅಂತ ಗೈಡು ಹೇಳಿದಾಗ
ನನಗೆ ನಿಜವಾಗಿ ಸಿಟ್ಟು ಬಂತು.
ದಾದಾಪೀರ್ ಬಾಣಲೆಯಿಂದ ತಲೆ ಎತ್ತದೆ ಅಂದ:
"ಹೋಗ್ಲಿ ಬಿಡಣ್ಣ. ಕಡ್ಲೆಹಿಟ್ಟು ನಮ್ಮದಲ್ಲ?"

ಸಂತೆಯಲ್ಲಿ ಒಬ್ಬ ಮುದುಕಿ ಮೆಕ್ಕೆಜೋಳ ಹರಡಿಕೊಂಡು ಕೂತಿದ್ದಳು,
ನೇರಳೆ, ಕಪ್ಪು, ರಕ್ತಗೆಂಪು,
ಕುದುರೆಹಲ್ಲಿನಷ್ಟು ದೊಡ್ಡ ಬಿಳಿ.
ನಾನೂ ಬಿಟ್ಟೇನೆ? ಫೋನು ತೆಗೆದು
ನಮ್ಮ ಎಪಿಎಂಸಿ ಯಾರ್ಡ್ ತೋರಿಸಿದೆ:
ಗುಡ್ಡ ಗುಡ್ಡ ರಾಶಿ, ಎಲ್ಲಾ ಹಳದಿ.
ಅವಳು ಬೆರಳಿನಿಂದ ಫೋಟೊ ಸರಿಸಿದಳು,
ಮುಂದೆ ಬೇರೆ ಬಣ್ಣ ಇರಬಹುದೆಂದು.
ಮುಂದಿನದೂ ಹಳದಿ. ಅದರ ಮುಂದಿನದೂ.
ಆಮೇಲಿನದು ನಮ್ಮ ಮನೆಯ ನಾಯಿ.
ಪಾಪ ಅನ್ನುವ ಹಾಗೆ ನನ್ನ ಮುಖ ನೋಡಿ
ಒಂದು ಹಿಡಿ ಕಪ್ಪು ಕಾಳು ಕೈಗಿಟ್ಟಳು,
ದುಡ್ಡು ಮುಟ್ಟಲಿಲ್ಲ.
ಮೂರೂವರೆ ಸಾವಿರ ಚೀಲ ಮಾರಿದವನಿಗೆ
ಬೀಜ ದಾನ!

ಆ ಕಾಳನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಕಸಿದುಕೊಂಡರು.
ಒಂದು ಮಾತ್ರ ಮಂಕಿ ಕ್ಯಾಪಿನ ಮಡಿಕೆಯಲ್ಲಿ ಮಲಗಿ ಬಂದಿತ್ತು.
ಈಗ ಪಿ.ಜೆ. ಬಡಾವಣೆಯ ತಾರಸಿ ಮೇಲೆ, ಪೇಂಟ್ ಡಬ್ಬಿಯಲ್ಲಿ,
ನನ್ನ ಭುಜದ ಎತ್ತರ.
ತೆನೆ ಕಟ್ಟುವ ಲಕ್ಷಣ ಕಾಣೆ.
ಏಪ್ರಿಲ್ಲಿನ ಮಧ್ಯಾಹ್ನ ಎಲೆ ಸುರುಟಿ,
ಲೇಸು ಕಟ್ಟಲು ಬಗ್ಗಿದವರ ಹಾಗೆ ನಿಲ್ಲುತ್ತದೆ.
ಸರ್ವಮಂಗಳ ಚೊಂಬಿನಲ್ಲಿ ನೀರುಮಜ್ಜಿಗೆ ತಂದು
ಬುಡಕ್ಕೆ ಸುರಿದು ಇಳಿದುಹೋಗುತ್ತಾಳೆ.
ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ
ನಾನು ಅದರ ಬೆನ್ನು ತಟ್ಟಿ ಹೇಳುತ್ತೇನೆ
ಅವರ ಭಾಷೆಯಲ್ಲಿ ನನಗೆ ಬರುವ
ಆ ಒಂದೇ ಮಾತು.

ತಗೊಳ್ಳಿ, ಮಿರ್ಚಿ ಆರಿತು.